ಕೈ ನೋಡಿ ಬಾಯಲ್ಲಿ ಹೇಳುವ ಕೆಲಸ

ಎರಡನೇ ವರ್ಷದ ಕ್ಲಾಸು ಶುರುವಾಗಿದೆ. ಈ ವರ್ಷ ನಮಗೆ ಕೈಗಿಂತ ಬಾಯಿಗೇ ಕೆಲಸ ಜಾಸ್ತಿ.

ಸನ್ನೆ ಭಾಷೆಯ ಇಂಟರ್‌ಪ್ರಿಟರ್ ಆಗಲು ಓದುತ್ತಿದ್ದೇನೆ ಅಂದ ಕೂಡಲೇ ಎಲ್ಲರೂ ನನ್ನ ಕೈ ನೋಡುತ್ತಾರೆ. ಕೊರೊನಾ ಸಮಯದಲ್ಲಿ ಟಿವಿಯ ಮೂಲೆಯಲ್ಲಿ, ಚಿಕ್ಕ ಚೌಕದೊಳಗೆ ನಿಂತು ಸನ್ನೆ ಮಾಡುವವರನ್ನು ಎಲ್ಲರೂ ನೋಡಿದ್ದಾರೆ. ಕೆಲಸ ಅಂದರೆ ಅಷ್ಟೇ ಅಂತ ಅಂದುಕೊಳ್ಳುವುದು ಸಹಜ. ಮಾತು ಕೇಳಿಸಿಕೊಂಡು ಸನ್ನೆ ಮಾಡುವುದು ಈ ಕೆಲಸದ ಅರ್ಧ. ಇನ್ನರ್ಧ ಟಿವಿಯಲ್ಲಿ ಬರುವುದಿಲ್ಲ. ಡೆಫ್, ಅಂದರೆ ಕಿವಿ ಕೇಳದ ವ್ಯಕ್ತಿ ಸನ್ನೆಯಲ್ಲಿ ಹೇಳಿದ್ದನ್ನು ನೋಡಿ, ಕಿವಿ ಕೇಳುವವರಿಗೆ ಬಾಯಲ್ಲಿ ಹೇಳುವುದು. ನಾವು ಇದಕ್ಕೆ ವಾಯ್ಸಿಂಗ್ ಅನ್ನುತ್ತೇವೆ. ಈ ಅರ್ಧವೇ ಕಷ್ಟದ್ದು, ಇದರ ಮೇಲೇ ಜನರ ಬದುಕು ನಿಂತಿದೆ ಅಂತ ನನಗೆ ದಿನದಿಂದ ದಿನಕ್ಕೆ ಖಾತ್ರಿಯಾಗುತ್ತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಇಲ್ಲಿ ಡೆಫ್ ಅಂತಲೇ ಬರೆಯುತ್ತೇನೆ. ನನಗೆ ಗೊತ್ತಿರುವ ಡೆಫ್ ಗೆಳೆಯರು ತಮ್ಮನ್ನು ಹಾಗೇ ಕರೆದುಕೊಳ್ಳುತ್ತಾರೆ. ಕೆಲವು ಹಳೇ ಶಾಲೆಗಳ ಬೋರ್ಡಿನಲ್ಲಿ ಈಗಲೂ ‘ಕಿವುಡ ಮೂಗರ ಶಾಲೆ’ ಅಂತ ಇದೆ. ಆ ಎರಡನೇ ಪದವನ್ನು ದಯವಿಟ್ಟು ಬಿಟ್ಟುಬಿಡಿ. ಇಡೀ ದಿನ ಮಾತಾಡುವ ಜನರಿಗೆ ಅದು ಯಾವ ರೀತಿಯಲ್ಲೂ ಸಲ್ಲುವ ಹೆಸರಲ್ಲ.

ನನ್ನ ಊರು ತಿಪಟೂರು. ಬಿ.ಕಾಂ ಮುಗಿಸಿ ಬೆಂಗಳೂರಿಗೆ ಬಂದು, ಪೀಣ್ಯ ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಎಚ್‌ಆರ್ ಸೆಕ್ಷನ್‌ಗೆ ಸೇರಿದ್ದೆ. ಹಾಜರಿ, ಪಿಎಫ್, ಇಎಸ್‌ಐ, ರಜೆ ಚೀಟಿ, ಇದೇ ಕೆಲಸ. ಅಲ್ಲಿ ಡೆಫ್ ಟೈಲರ್‌ಗಳು, ಚೆಕ್ಕರ್‌ಗಳು ಸುಮಾರು ಜನ ಇದ್ದರು. ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಇದು ಹೊಸದೇನಲ್ಲ. ಕೆಲಸ ಚೆನ್ನಾಗಿ ಮಾಡುತ್ತಾರೆ, ತಕರಾರು ಇಲ್ಲ, ಮಾತು ಕಮ್ಮಿ ಅಂತ ಸೂಪರ್‌ವೈಸರ್‌ಗಳು ಅವರನ್ನು ಹೊಗಳುತ್ತಿದ್ದರು. ಕ್ಯಾಂಟೀನಿನಲ್ಲಿ ನೋಡಿದರೆ ಅವರ ಟೇಬಲ್ಲಿನಲ್ಲೇ ಮಾತು ಜಾಸ್ತಿ. ಊಟದ ಡಬ್ಬಿ ಮುಚ್ಚಳ ತೆಗೆಯಲೂ ಕೈ ಬಿಡುವಿರುತ್ತಿರಲಿಲ್ಲ. ನಮ್ಮ ಆಫೀಸಿಗೆ ಬಂದರೆ ಮಾತ್ರ ಒಂದು ಚೀಟಿ ಮೇಲೆ ನಾವು ಏನೋ ಬರೆಯುವುದು, ಅವರು ನೋಡಿ ತಲೆಯಾಡಿಸುವುದು, ಹೊರಟು ಹೋಗುವುದು.

ಒಂದು ದಿನ ಬೆಂಕಿ ಅವಘಡದ ತರಬೇತಿ ಇತ್ತು. ಬಯ್ಯರ್ ಕಡೆಯಿಂದ ಆಡಿಟ್ ಬರುವುದಿತ್ತಾದ್ದರಿಂದ ಆ ಸಲ ಹೊರಗಿನಿಂದ ಒಬ್ಬ ಇಂಟರ್‌ಪ್ರಿಟರ್ ಅನ್ನು ಕರೆಸಿದ್ದರು. ಕಪ್ಪು ಕುರ್ತಾ ಹಾಕಿದ್ದ ಒಬ್ಬ ಹೆಂಗಸು ಬಂದು ಟ್ರೈನರ್ ಪಕ್ಕದಲ್ಲಿ ನಿಂತರು. ತರಬೇತಿ ಮುಗಿದು ‘ಯಾರಿಗಾದರೂ ಪ್ರಶ್ನೆ ಇದೆಯಾ’ ಅಂತ ಟ್ರೈನರ್ ಕೇಳಿದರು. ಸುಮ್ನೆ ಕೇಳುವ ಮಾತು ಅದು, ಯಾರೂ ಏನೂ ಕೇಳುವುದಿಲ್ಲ. ಆವತ್ತು ಡೆಫ್ ಟೈಲರ್‌ಗಳ ಸಾಲಿನಿಂದ ಕೈಗಳು ಎದ್ದವು. ಟಾಯ್ಲೆಟ್ಟಿನ ಒಳಗಿದ್ದರೆ ಸೈರನ್ ನಮಗೆ ಹೇಗೆ ಗೊತ್ತಾಗುತ್ತದೆ? ಅಲ್ಲಿ ಲೈಟ್ ಹಾಕಿಸಬಹುದಲ್ಲ? ಎರಡನೇ ಮಹಡಿಯ ಹಿಂದಿನ ಬಾಗಿಲ ಮುಂದೆ ಯಾವಾಗಲೂ ಬಟ್ಟೆ ಗಂಟು ಇಟ್ಟಿರುತ್ತಾರೆ, ಅದನ್ನು ತೆಗೆಸುವುದು ಯಾರ ಕೆಲಸ? ಆಮೇಲೆ ಬೆಂಕಿ ವಿಷಯ ಬಿಟ್ಟು ಇನ್ಸೆಂಟಿವ್ ಕಟ್ ಆಗಿದ್ದಕ್ಕೆ ಬಂತು. ಆ ಹೆಂಗಸು ಒಂದೊಂದನ್ನೂ ‘ನಾನು’, ‘ನನಗೆ’ ಅಂತ ಸ್ಪಷ್ಟ ಕನ್ನಡದಲ್ಲಿ ಹೇಳುತ್ತಾ ಹೋದರು. ಮ್ಯಾನೇಜರ್ ಮೊದಲ ಸಲ ಆ ಸಾಲಿನ ಕಡೆ ತಿರುಗಿ ಕೂತರು.

ಕೆಲಸ ಬಿಟ್ಟು ಇದನ್ನು ಓದಬೇಕು ಅನ್ನಿಸಿದ್ದು ಆವತ್ತೇ. ಅಷ್ಟು ದಿನ ಅವರು ಸುಮ್ಮನಿದ್ದದ್ದು ಪ್ರಶ್ನೆ ಇಲ್ಲದೆ ಅಲ್ಲ, ಕೇಳಲು ದಾರಿ ಇಲ್ಲದೆ.

ಕೋರ್ಸಿನ ಹೆಸರು ಡಿಪ್ಲೊಮಾ ಇನ್ ಇಂಡಿಯನ್ ಸೈನ್ ಲ್ಯಾಂಗ್ವೇಜ್ ಇಂಟರ್ಪ್ರಿಟೇಷನ್. ಎಲ್ಲರೂ ಡಿಸ್ಲಿ ಅನ್ನುತ್ತಾರೆ. ಎರಡು ವರ್ಷ. ಪಿಯುಸಿ ಪಾಸಾಗಿರಬೇಕು. ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಇದಕ್ಕೆ ಮಾನ್ಯತೆ ಕೊಡುತ್ತದೆ. ಮುಗಿಸಿದ ಮೇಲೆ ಅಲ್ಲೇ ನೋಂದಣಿ ಮಾಡಿಸಬೇಕು. ದೇಶದಲ್ಲಿ ಇದಕ್ಕೆಂದೇ ಇರುವ ಸರ್ಕಾರಿ ಸಂಸ್ಥೆ ದೆಹಲಿಯ ಇಂಡಿಯನ್ ಸೈನ್ ಲ್ಯಾಂಗ್ವೇಜ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರ್, ಅಂದರೆ ಐಎಸ್‌ಎಲ್‌ಆರ್‌ಟಿಸಿ, ಶುರುವಾಗಿದ್ದು 2015ರಲ್ಲಿ. ಬೇರೆ ಊರುಗಳಲ್ಲೂ ಕೆಲವು ಕಡೆ ಈ ಕೋರ್ಸ್ ಇದೆ. ನಾನಿರುವುದು ದೆಹಲಿಯಲ್ಲಿ. ಮನೆಯಲ್ಲಿ ಅಪ್ಪ ಮೊದಲು ಒಪ್ಪಲಿಲ್ಲ, ಅಮ್ಮ ಒಪ್ಪಿಸಿದರು. ಅದು ಬೇರೆ ಕತೆ.

ನಮಗೆ ಭಾಷೆ ಕಲಿಸುವ ಮೇಷ್ಟ್ರು ಡೆಫ್. ಕ್ಲಾಸಿನ ಒಳಗೆ ಬಾಯಿ ಬಿಡುವ ಹಾಗಿಲ್ಲ. ಪಕ್ಕದವರ ಹತ್ತಿರ ಪಿಸುಗುಟ್ಟುವುದೂ ಇಲ್ಲ. ಒಬ್ಬರು ಡೆಫ್ ಇರುವ ಕೋಣೆಯಲ್ಲಿ ಬಾಯಲ್ಲಿ ಮಾತಾಡಿದರೆ ಅವರನ್ನು ಹೊರಗಿಟ್ಟ ಹಾಗೆ. ಮೊದಲ ಕೆಲವು ವಾರ ಅವರು ನಮಗೆ ಸನ್ನೆಯನ್ನೇ ಹೆಚ್ಚಾಗಿ ಕಲಿಸಲಿಲ್ಲ, ನೋಡುವುದನ್ನು ಕಲಿಸಿದರು. ಕೈಯನ್ನೇ ದಿಟ್ಟಿಸಬಾರದು. ಕಣ್ಣು ಎದುರಿನವರ ಮುಖದ ಮೇಲಿರಬೇಕು, ಕೈ ಓರೆಗಣ್ಣಿಗೆ ಕಾಣಿಸಬೇಕು. ಯಾಕೆಂದರೆ ವ್ಯಾಕರಣ ಅರ್ಧ ಮುಖದಲ್ಲೇ ಇದೆ. ಹೌದೋ ಅಲ್ಲವೋ ಅಂತ ಕೇಳುವ ಪ್ರಶ್ನೆಗೆ ಹುಬ್ಬು ಮೇಲೇರುತ್ತದೆ, ತಲೆ ಸ್ವಲ್ಪ ಮುಂದೆ ಬರುತ್ತದೆ. ಹುಬ್ಬು ಏರದಿದ್ದರೆ ಅದೇ ಸನ್ನೆಗಳು ಪ್ರಶ್ನೆ ಆಗುವುದಿಲ್ಲ, ಹೇಳಿಕೆ ಆಗುತ್ತವೆ. ‘ನೀವು ಮಾತ್ರೆ ತಗೊಂಡಿರಿ’ ಅನ್ನುವುದಕ್ಕೂ ‘ನೀವು ಮಾತ್ರೆ ತಗೊಂಡಿರಾ’ ಅನ್ನುವುದಕ್ಕೂ ಆಸ್ಪತ್ರೆಯಲ್ಲಿ ಎಷ್ಟು ವ್ಯತ್ಯಾಸ, ಅಲ್ವಾ?

ನಾವು ಕಿವಿ ಕೇಳುವವರು ಎದುರಿನವರ ಮುಖವನ್ನು ಇಷ್ಟು ಹೊತ್ತು ನೋಡುವುದೇ ಇಲ್ಲ. ಮಾತಾಡುತ್ತಾ ಫೋನ್ ನೋಡುತ್ತೇವೆ, ಕಿಟಕಿ ನೋಡುತ್ತೇವೆ. ಸನ್ನೆ ಭಾಷೆಯಲ್ಲಿ ಕಣ್ಣು ತೆಗೆದರೆ ಕಿವಿ ಮುಚ್ಚಿಕೊಂಡ ಹಾಗೆ. ಶುರುವಿನಲ್ಲಿ ಮಧ್ಯಾಹ್ನದ ಹೊತ್ತಿಗೆ ನಮ್ಮೆಲ್ಲರ ಕಣ್ಣು ಕೆಂಪಾಗುತ್ತಿತ್ತು.

ವ್ಯಾಕರಣದ ವಿಷಯದಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ. ಭಾರತೀಯ ಸನ್ನೆ ಭಾಷೆಯಲ್ಲಿ ಕ್ರಿಯೆ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಏನು, ಎಲ್ಲಿ, ಯಾರು ಅನ್ನುವ ಪ್ರಶ್ನೆಯೂ ಕೊನೆಗೆ. ‘ಇಲ್ಲ’ ಅನ್ನುವುದೂ ಕೊನೆಗೆ. ನಮ್ಮ ‘ಅಣ್ಣ ಮನೆಗೆ ಬಂದಿಲ್ಲ’ ಹೇಗೋ ಹಾಗೇ. ಹೊತ್ತು ಯಾವುದು ಅನ್ನುವುದು ಮೊದಲು ಬರುತ್ತದೆ: ನಿನ್ನೆ, ಹೋದ ವರ್ಷ, ನಾಳೆ. ಹಾಗೆ ಒಮ್ಮೆ ಹೇಳಿಬಿಟ್ಟರೆ ಆಮೇಲೆ ಪ್ರತಿ ಕ್ರಿಯೆಗೂ ಕಾಲ ಹಚ್ಚುವ ಕೆಲಸ ಇಲ್ಲ. ಇಂಗ್ಲಿಷಿನ ಕ್ರಮದಲ್ಲಿ ಯೋಚಿಸಿ ಅಭ್ಯಾಸ ಇರುವ ನನ್ನ ಕೆಲವು ಸಹಪಾಠಿಗಳು ಇದಕ್ಕೆ ತುಂಬಾ ಒದ್ದಾಡಿದರು.

ಕನ್ನಡದಲ್ಲಿ ಇಲ್ಲವೇ ಇಲ್ಲದ ಒಂದು ಸಂಗತಿ ಅಂದರೆ ಜಾಗದ ಬಳಕೆ. ಎದುರಿಗಿರುವ ಗಾಳಿಯೇ ಕಾಗದ. ಬಲಗಡೆ ಒಂದು ಕಡೆ ಅತ್ತೆಯನ್ನು ಇಡುತ್ತಾರೆ, ಎಡಗಡೆ ಗಂಡನನ್ನು. ಆಮೇಲೆ ಹೆಸರು ಮತ್ತೆ ಹೇಳುವುದಿಲ್ಲ, ಆ ಜಾಗ ತೋರಿಸಿದರೆ ಸಾಕು. ‘ಕೊಡು’ ಅನ್ನುವ ಸನ್ನೆ ಬಲದಿಂದ ಎಡಕ್ಕೆ ಹೋದರೆ ಅತ್ತೆ ಗಂಡನಿಗೆ ಕೊಟ್ಟರು. ಎಡದಿಂದ ನನ್ನ ಕಡೆ ಬಂದರೆ ಗಂಡ ನನಗೆ ಕೊಟ್ಟ. ನೋಡುವವರು ಯಾರನ್ನು ಎಲ್ಲಿ ಇಟ್ಟಿದ್ದಾರೆ ಅನ್ನುವುದನ್ನು ತಲೆಯಲ್ಲಿ ಇಟ್ಟುಕೊಂಡಿರಬೇಕು. ಒಂದು ಕ್ಷಣ ಕಣ್ಣು ಜಾರಿದರೂ ದುಡ್ಡು ಯಾರು ಯಾರಿಗೆ ಕೊಟ್ಟರು ಅನ್ನುವುದು ತಪ್ಪಿಹೋಗುತ್ತದೆ. ಕೋರ್ಟಿನಲ್ಲಿ ಅದೇ ಕೇಸು ಆಗಿರಬಹುದು.

ಸನ್ನೆಗಳು ಊರಿಂದ ಊರಿಗೆ ಬದಲಾಗುತ್ತವೆ. ವ್ಯಾಕರಣ ದೇಶದ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ, ಪದಗಳು ಬೇರೆ ಬೇರೆ. ಐಎಸ್‌ಎಲ್‌ಆರ್‌ಟಿಸಿಯ ಡಿಕ್ಷನರಿ 2018ರಲ್ಲಿ 3,000 ಪದಗಳಿಂದ ಶುರುವಾಗಿ, 2019ರಲ್ಲಿ 6,000 ಆಗಿ, 2021ರಲ್ಲಿ 10,000 ಮುಟ್ಟಿತು. ಎಲ್ಲ ವಿಡಿಯೊಗಳೂ ಪುಕ್ಕಟೆ ಸಿಗುತ್ತವೆ. ಅದನ್ನು ನಾವು ದಿನಾ ನೋಡುತ್ತೇವೆ. ಆದರೆ ನಾನು ರಜೆಗೆ ಬಂದಾಗ ಅರಸೀಕೆರೆಯ ಡೆಫ್ ಗೆಳತಿ ತೋರಿಸುವ ಸನ್ನೆ ಎಷ್ಟೋ ಸಲ ಬೇರೆಯೇ ಇರುತ್ತದೆ. ಅವಳು ನಮ್ಮ ಗಾರ್ಮೆಂಟ್ಸಿನಲ್ಲೇ ಟೈಲರ್ ಆಗಿದ್ದವಳು, ಈಗ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಕಡೂರು, ಬೀರೂರು, ತುರುವೇಕೆರೆಗಳಿಗೆ ಅಲ್ಲಿನ ಡೆಫ್ ಜನ ಇಟ್ಟುಕೊಂಡಿರುವ ಸನ್ನೆಗಳನ್ನು ನಾನು ಅವಳಿಂದಲೇ ಕಲಿಯಬೇಕು. ದೆಹಲಿಯ ಕ್ಲಾಸಿನಲ್ಲಿ ಅವು ಸಿಗುವುದಿಲ್ಲ.

ನನಗೆ ಹೆಸರು ಕೊಟ್ಟವಳೂ ಅವಳೇ. ಡೆಫ್ ಜನರ ನಡುವೆ ಪ್ರತಿಯೊಬ್ಬರಿಗೂ ಒಂದು ಸನ್ನೆ ಹೆಸರು ಇರುತ್ತದೆ, ಅದನ್ನು ನಾವೇ ಇಟ್ಟುಕೊಳ್ಳುವ ಹಾಗಿಲ್ಲ, ಅವರು ಕೊಡಬೇಕು. ನನ್ನ ಎಡಗೆನ್ನೆಯ ಗುಳಿಯನ್ನು ತೋರುಬೆರಳಿನಿಂದ ಮುಟ್ಟಿ ಸ್ವಲ್ಪ ತಿರುಗಿಸುವುದು, ಅದು ನಾನು. ಅಪ್ಪ ಅಮ್ಮ ಇಟ್ಟ ಹೆಸರಿನಷ್ಟೇ ಅದೂ ನನಗೆ ಪ್ರೀತಿಯದು.

ಇನ್ನು ಬಾಯಿಯ ವಿಷಯಕ್ಕೆ ಬರುತ್ತೇನೆ.

ಹೋದ ತಿಂಗಳು ಕ್ಲಾಸಿನಲ್ಲಿ ಒಂದು ವಿಡಿಯೊ ಹಾಕಿದರು. ವಯಸ್ಸಾದ ಡೆಫ್ ಒಬ್ಬರು ಬಸ್ಸು ಹಿಡಿಯಲು ಓಡಿದ ಕತೆ ಹೇಳುತ್ತಾರೆ. ಬಲಗೈಯ ಎರಡು ಬೆರಳು ಕಾಲುಗಳಾಗುತ್ತವೆ, ಎಡಗೈ ಬಸ್ಸಾಗುತ್ತದೆ. ಬಸ್ಸು ಮುಂದೆ ಹೋಗುತ್ತದೆ, ಕಾಲು ಹಿಂದೆ ಉಳಿಯುತ್ತದೆ. ಆಮೇಲೆ ಅವರ ಮೈ ಸ್ವಲ್ಪ ಬಲಕ್ಕೆ ತಿರುಗಿತು, ಗಲ್ಲ ಮೇಲೇರಿತು, ಕಣ್ಣು ಅರ್ಧ ಮುಚ್ಚಿತು. ಆಗ ಅವರು ಕಂಡಕ್ಟರ್. ಮತ್ತೆ ಎಡಕ್ಕೆ ತಿರುಗಿದರೆ ಅವರೇ, ಹೆಗಲಲ್ಲಿ ಚೀಲ, ಉಸಿರು ಕಟ್ಟಿದೆ, ಒಂದು ಕೈಯಲ್ಲಿ ಚಪ್ಪಲಿ. ಇಡೀ ಕತೆ ಒಂದೇ ನಿಮಿಷ. ಅದನ್ನು ಅವರ ಜೊತೆಜೊತೆಗೇ, ಒಂದೆರಡು ಕ್ಷಣ ಹಿಂದೆ ನಿಂತು, ಮಾತಲ್ಲಿ ಹೇಳಬೇಕು.

ಕ್ಲಾಸಿನಲ್ಲಿ ನಾವು ಹಿಂದಿಗೆ, ಇಂಗ್ಲಿಷಿಗೆ ಮಾಡುತ್ತೇವೆ. ರಾತ್ರಿ ಪಿಜಿಗೆ ಹೋಗಿ ನಾನು ಅದನ್ನೇ ಕನ್ನಡದಲ್ಲಿ ಮಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ‘ಅವನು ಬಸ್ಸಿನ ಹಿಂದೆ ಓಡಿದ, ಕಂಡಕ್ಟರ್ ನಿಲ್ಲಿಸಲಿಲ್ಲ’ ಅಂದರೆ ಸುದ್ದಿ ಮುಟ್ಟುತ್ತದೆ, ಆ ಮನುಷ್ಯ ಮುಟ್ಟುವುದಿಲ್ಲ. ‘ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಓಡಿದೆ ನೋಡಿ, ಆ ಪುಣ್ಯಾತ್ಮ ಕಂಡಕ್ಟರ್ ನನ್ನ ಮುಖ ನೋಡಿಯೂ ಸೀಟಿ ಹೊಡೆದ’ ಅಂದರೆ ಕೇಳಿದವರು ನಗುತ್ತಾರೆ. ಸನ್ನೆಯಲ್ಲಿ ನೋಡಿದವರೂ ಅಲ್ಲೇ ನಕ್ಕಿದ್ದರು. ಇಬ್ಬರೂ ಒಂದೇ ಜಾಗದಲ್ಲಿ ನಗಬೇಕು, ನನ್ನ ಅಳತೆ ಅದು. ಇದಕ್ಕೆ ನನ್ನ ಸನ್ನೆ ಭಾಷೆ ಚೆನ್ನಾಗಿದ್ದರೆ ಸಾಲದು, ಕನ್ನಡವೂ ಬಾಯಲ್ಲಿ ಸಿದ್ಧವಾಗಿರಬೇಕು. ಹುಡುಕಿ ಬರುವ ಕನ್ನಡ ಕೆಲಸಕ್ಕೆ ಬರುವುದಿಲ್ಲ, ಅಷ್ಟರಲ್ಲಿ ಅವರು ಮುಂದಿನ ಮೂರು ಮಾತು ಹೇಳಿ ಆಗಿರುತ್ತದೆ.

ಇಲ್ಲೊಂದು ನ್ಯಾಯದ ಪ್ರಶ್ನೆ ಇದೆ. ನಾನು ತಡವರಿಸಿದರೆ, ‘ಅದು... ಅವರು... ಏನಂದ್ರೆ...’ ಅಂದರೆ, ಎದುರಿಗೆ ಕೂತ ಅಧಿಕಾರಿಗೆ ತಡವರಿಸುತ್ತಿರುವುದು ನಾನು ಅಂತ ಗೊತ್ತಾಗುವುದಿಲ್ಲ. ಆ ಡೆಫ್ ವ್ಯಕ್ತಿಗೇ ಸರಿಯಾಗಿ ಹೇಳಲು ಬರುವುದಿಲ್ಲ ಅಂದುಕೊಳ್ಳುತ್ತಾರೆ. ಎಂ.ಎ. ಓದಿದವರ ಮಾತನ್ನು ನಾನು ಚೂರುಚೂರಾಗಿ ಹೇಳಿದರೆ ಅವರು ಓದಿಲ್ಲದವರ ಹಾಗೆ ಕೇಳಿಸುತ್ತಾರೆ. ಅವರ ದನಿ ಆ ಹೊತ್ತಿಗೆ ನನ್ನ ಬಾಯಲ್ಲಿದೆ.

ಬೆಂಗಳೂರಿನ ವಕೀಲೆ ಸಾರಾ ಸನ್ನಿ ಅವರ ಸುದ್ದಿ ನಿಮಗೆ ನೆನಪಿರಬಹುದು. ಅವರು ಡೆಫ್. 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠದ ಮುಂದೆ ಇಂಟರ್‌ಪ್ರಿಟರ್ ಮೂಲಕ ಹಾಜರಾದರು. 2024ರ ಏಪ್ರಿಲ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್‌ನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಪೀಠದ ಮುಂದೆ ಸನ್ನೆ ಭಾಷೆಯಲ್ಲೇ ವಾದ ಮಾಡಿದರು. ನಮ್ಮ ಕ್ಲಾಸಿನಲ್ಲಿ ಆ ಸುದ್ದಿ ಬಗ್ಗೆ ಎಷ್ಟು ಮಾತಾಡಿದ್ದೇವೋ. ವಾದ ಅವರದು, ಕಾನೂನು ಗೊತ್ತಿರುವುದು ಅವರಿಗೆ. ಆದರೆ ನ್ಯಾಯಮೂರ್ತಿಗಳ ಕಿವಿಗೆ ಬಿದ್ದ ಪ್ರತಿ ಪದವೂ ಇಂಟರ್‌ಪ್ರಿಟರ್ ಬಾಯಿಂದ ಬಂದದ್ದು. ಆ ಜಾಗದಲ್ಲಿ ಕಾನೂನಿನ ಮಾತು ಗೊತ್ತಿಲ್ಲದವರು ಕೂತಿದ್ದರೆ ಏನಾಗುತ್ತಿತ್ತು ಯೋಚಿಸಿ.

ಹೈಕೋರ್ಟಿನದು ಇಂಗ್ಲಿಷ್. ತಾಲ್ಲೂಕು ಕೋರ್ಟಿನಲ್ಲಿ ಕನ್ನಡ. ಪೊಲೀಸ್ ಠಾಣೆಯಲ್ಲಿ, ತಹಶೀಲ್ದಾರ್ ಕಚೇರಿಯಲ್ಲಿ, ಗ್ರಾಮಸಭೆಯಲ್ಲಿ, ಹೆರಿಗೆ ವಾರ್ಡಿನಲ್ಲಿ ಕನ್ನಡ. ಸನ್ನೆಯಿಂದ ಕನ್ನಡಕ್ಕೆ ಹೇಳುವುದನ್ನು ನನಗೆ ದೆಹಲಿಯಲ್ಲಿ ಯಾರು ಕಲಿಸುತ್ತಾರೆ? ಅದನ್ನು ನಾನೇ ಕಟ್ಟಿಕೊಳ್ಳಬೇಕು. ಅದಕ್ಕೇ ಗೆಳತಿಗೆ ಹೇಳಿದ್ದೇನೆ, ದಿನಕ್ಕೊಂದು ವಿಡಿಯೊ ಕಳಿಸು ಅಂತ. ಅವಳು ವಾಟ್ಸಾಪಿನಲ್ಲಿ ಕಳಿಸುತ್ತಾಳೆ. ಗಿರಾಕಿ ದುಡ್ಡು ಕೊಡದೆ ಹೋದದ್ದು, ಮಗನ ಸ್ಕೂಲಿನ ಮೀಟಿಂಗ್, ನಾದಿನಿಯ ಮದುವೆ ಮಾತುಕತೆ. ನಾನು ಅದನ್ನು ಕನ್ನಡದಲ್ಲಿ ಹೇಳಿ ಅವಳ ಅಕ್ಕನಿಗೆ ಕಳಿಸುತ್ತೇನೆ. ಅಕ್ಕನಿಗೆ ಕಿವಿ ಕೇಳುತ್ತದೆ, ಸನ್ನೆಯೂ ಚೆನ್ನಾಗಿ ಬರುತ್ತದೆ. ‘ನಮ್ ಹುಡ್ಗಿ ಹಿಂಗೆ ಮಾತಾಡಲ್ಲ ಕಣಮ್ಮ, ಇದು ಪೇಪರ್ ಓದ್ದಂಗಿದೆ’ ಅಂತ ಅವರು ತಿದ್ದುತ್ತಾರೆ. ನನಗೆ ಅವರಿಗಿಂತ ಒಳ್ಳೆಯ ಪರೀಕ್ಷಕರು ಸಿಗಲಾರರು.

ಕನ್ನಡಕ್ಕೆ ಹೇಳುವಾಗ ಬರುವ ದೊಡ್ಡ ತೊಡಕು ಮರ್ಯಾದೆಯದು. ಸನ್ನೆ ಭಾಷೆಯಲ್ಲಿ ಒಬ್ಬರ ಕಡೆ ಕೈ ತೋರಿಸಿದರೆ ಅದು ‘ನೀನು’ ಆಗಬಹುದು, ‘ನೀವು’ ಆಗಬಹುದು. ಗೌರವ ಇಲ್ಲ ಅಂತಲ್ಲ. ಅದು ಮೈಯ ಬಾಗುವಿಕೆಯಲ್ಲಿ, ಮುಖದಲ್ಲಿ, ಸನ್ನೆ ಎಷ್ಟು ಮೆತ್ತಗಿದೆ ಅನ್ನುವುದರಲ್ಲಿ ಇರುತ್ತದೆ. ಕ್ರಿಯೆಯ ಬಾಲದಲ್ಲಿ ಇರುವುದಿಲ್ಲ. ಕನ್ನಡದಲ್ಲಿ ಬಾಲವಿಲ್ಲದೆ ವಾಕ್ಯವೇ ಮುಗಿಯುವುದಿಲ್ಲ. ಬಂದ, ಬಂದಳು, ಬಂದರು, ಮೂರರಲ್ಲಿ ಒಂದನ್ನು ನಾನು ಅರ್ಧ ಸೆಕೆಂಡಿನಲ್ಲಿ ಆರಿಸಬೇಕು. ಬಂದವರು ಗಂಡಸೋ ಹೆಂಗಸೋ ಅಂತ ಸನ್ನೆಯಲ್ಲಿ ಇನ್ನೂ ಹೇಳದೇ ಇರಬಹುದು. ಆಗ ‘ಡಾಕ್ಟರ್ ಹೇಳಿದರು’ ಅನ್ನುವ ಬಹುವಚನ ಕೈಹಿಡಿಯುತ್ತದೆ. ಆದರೆ ಟೈಲರ್ ಒಬ್ಬಳು ತನಗೆ ಕಿರುಕುಳ ಕೊಟ್ಟ ಸೂಪರ್‌ವೈಸರ್ ಬಗ್ಗೆ ದೂರು ಕೊಡುತ್ತಿದ್ದರೆ? ಅವಳ ಮುಖದಲ್ಲಿ ಸಿಟ್ಟು ಕುದಿಯುತ್ತಿರುವಾಗ ನಾನು ‘ಅವರು ಹೀಗೆ ಮಾಡಿದರು’ ಅಂದರೆ ಸಿಟ್ಟು ಎಲ್ಲಿ ಹೋಯಿತು? ‘ಮಾಡಿದ’ ಅಂದರೆ ಎದುರಿಗೆ ಕೂತ ಮ್ಯಾನೇಜರ್‌ಗೆ ಅವಳು ಒರಟು ಅನ್ನಿಸಬಹುದೇ? ಇದಕ್ಕೆ ಸಿದ್ಧ ಉತ್ತರ ಇಲ್ಲ. ಅವಳ ಮುಖ ಏನು ಹೇಳುತ್ತಿದೆಯೋ ಅದನ್ನೇ ಹೇಳಬೇಕು ಅನ್ನುವುದು ನನ್ನ ನಿಲುವು. ಸಿಟ್ಟನ್ನು ತೊಳೆದು ಕೊಡುವ ಹಕ್ಕು ನನಗಿಲ್ಲ.

ಗೆಳತಿಯನ್ನು ಒಂದು ಸಲ ಕೇಳಿದೆ. ನಿಮ್ಮ ಅಪ್ಪನ ಜೊತೆ ನೀನು ಮಾತಾಡಿದ್ದನ್ನು ನಾನು ಹೇಳುವಾಗ ‘ನೀನು’ ಅನ್ನಲೋ ‘ನೀವು’ ಅನ್ನಲೋ ಅಂತ. ಸ್ವಲ್ಪ ಹೊತ್ತು ಯೋಚಿಸಿದಳು. ‘ನಮ್ಮಕ್ಕ ಅಪ್ಪನಿಗೆ ಹೇಗೆ ಅಂತಾಳೋ ಹಾಗೆ ಹೇಳು’ ಅಂದಳು. ಆವತ್ತಿನಿಂದ ಯಾರ ಮಾತನ್ನಾದರೂ ಬಾಯಲ್ಲಿ ಹೇಳುವ ಮೊದಲು ಅವರ ಜೊತೆ ಹತ್ತು ನಿಮಿಷ ಕೂತು ಇಂಥದ್ದನ್ನೆಲ್ಲ ಕೇಳಿ ತಿಳಿದುಕೊಳ್ಳುತ್ತೇನೆ.

ನಾವು ಪಾಲಿಸಬೇಕಾದ ಕೆಲವು ಕಟ್ಟುನಿಟ್ಟುಗಳಿವೆ. ಬಟ್ಟೆ ನಮ್ಮ ಚರ್ಮದ ಬಣ್ಣಕ್ಕೆ ಎದುರಾಗಿರಬೇಕು, ಹೂವು ಗೆರೆ ಚುಕ್ಕಿ ಇರಬಾರದು. ಬಳೆ, ದೊಡ್ಡ ಉಂಗುರ, ಮಿಂಚುವ ಉಗುರುಬಣ್ಣ ಬೇಡ, ಕಣ್ಣು ಅತ್ತ ಹೋಗುತ್ತದೆ. ಮಾತಾಡುವವರ ಪಕ್ಕದಲ್ಲಿ, ಡೆಫ್ ವ್ಯಕ್ತಿಗೆ ಎದುರಾಗಿ ಕೂರಬೇಕು. ಬೆನ್ನ ಹಿಂದೆ ಕಿಟಕಿ ಇದ್ದರೆ ಮುಖ ಕತ್ತಲಾಗುತ್ತದೆ, ಜಾಗ ಬದಲಿಸಬೇಕು. ಉದ್ದದ ಕಾರ್ಯಕ್ರಮ ಆದರೆ ಇಬ್ಬರು ಬೇಕು, ಸುಮಾರು 20 ನಿಮಿಷಕ್ಕೊಮ್ಮೆ ಸರದಿ ಬದಲಾಯಿಸಬೇಕು. ಸುಸ್ತಾಗುವುದು ತೋಳಲ್ಲ, ತಲೆ. ಬಿಡುವಿನಲ್ಲಿರುವವರು ಸುಮ್ನೆ ಕೂರುವುದಿಲ್ಲ, ಅಂಕಿಸಂಖ್ಯೆ, ಹೆಸರು ತಪ್ಪಿದರೆ ಅಲ್ಲಿಂದಲೇ ಎತ್ತಿಕೊಡುತ್ತಾರೆ. ಕಂಡದ್ದು ಕೇಳಿದ್ದು ಅಲ್ಲೇ ಬಿಟ್ಟು ಬರಬೇಕು, ಮನೆಯಲ್ಲೂ ಹೇಳಬಾರದು.

ಇದರಲ್ಲಿ ಅತಿ ಮುಖ್ಯವಾದದ್ದು ನಡುವೆ ನಮ್ಮ ಮಾತು ಸೇರಿಸದಿರುವುದು. ಆಸ್ಪತ್ರೆಯಲ್ಲಿ ಇದು ಯಾಕೆ ಬೇಕು ಅಂತ ಗೊತ್ತಾಗುತ್ತದೆ. ಡೆಫ್ ಹೆಣ್ಣುಮಗಳು ಡಾಕ್ಟರ್ ಹತ್ತಿರ ಹೋದರೆ ಜೊತೆಗೆ ಅಮ್ಮನೋ ಅತ್ತೆಯೋ ಇರುತ್ತಾರೆ. ಡಾಕ್ಟರ್ ಐದು ನಿಮಿಷ ಮಾತಾಡುತ್ತಾರೆ. ಜೊತೆಗೆ ಬಂದವರು ಅವಳ ಕಡೆ ತಿರುಗಿ ‘ಏನಿಲ್ಲ, ಮಾತ್ರೆ ಕೊಟ್ಟಿದ್ದಾರೆ, ಆಮೇಲೆ ಹೇಳ್ತೀನಿ’ ಅನ್ನುತ್ತಾರೆ. ಪ್ರೀತಿ ಇಲ್ಲ ಅಂತಲ್ಲ. ಆದರೆ ಆ ‘ಆಮೇಲೆ’ ಬರುವುದೇ ಇಲ್ಲ. ಒಬ್ಬಳಿಗೆ ತನ್ನ ಹೊಟ್ಟೆಯಲ್ಲಿರುವ ಗಡ್ಡೆಯ ವಿಷಯ ಊರಿಗೆಲ್ಲ ಗೊತ್ತಾದ ಮೇಲೆ ಗೊತ್ತಾಗಿದ್ದನ್ನು ನಾನು ಅವಳ ಕೈಯಿಂದಲೇ ಕೇಳಿದ್ದೇನೆ. ಅವಳು ಹೇಳು ಅಂದದ್ದಕ್ಕೇ ಇದನ್ನು ಬರೆದೆ. ಔಷಧಿ ಹೇಳುವ ಕ್ರಮವೂ ಬೇರೆ. ‘ಊಟಕ್ಕೆ ಅರ್ಧ ಗಂಟೆ ಮುಂಚೆ ತಗೊಳ್ಳಿ’ ಅನ್ನುವುದನ್ನು ಸನ್ನೆಯಲ್ಲಿ ಆಗುವ ಕ್ರಮದಲ್ಲೇ ತೋರಿಸಿದರೆ ಸ್ಪಷ್ಟ: ಮೊದಲು ಮಾತ್ರೆ, ಅರ್ಧ ಗಂಟೆ ಕಾಯುವುದು, ಆಮೇಲೆ ಊಟ. ಚೀಟಿ ಮೇಲೆ ‘ಊಟಕ್ಕೆ ಮುಂಚೆ’ ಅಂತ ಬರೆದರೆ ಊಟ ಮೊದಲು ಕಾಣಿಸುತ್ತದೆ.

ಚೀಟಿಯಲ್ಲಿ ಬರೆದು ಕೊಟ್ಟರೆ ಸಾಲದೇ ಅಂತ ತುಂಬಾ ಜನ ಕೇಳುತ್ತಾರೆ. ಕನ್ನಡ ಓದು ಬರಹ ಚೆನ್ನಾಗಿ ಬರುವ ಡೆಫ್ ಜನರೂ ಇದ್ದಾರೆ. ಆದರೆ ಕೇಳಿಸದ ಭಾಷೆಯನ್ನು ಬರಿ ಅಕ್ಷರದಿಂದ ಕಲಿಯುವುದು ಎಷ್ಟು ಕಷ್ಟ! ಅದರ ಮೇಲೆ ಶಾಲೆಗಳಲ್ಲಿ ಸನ್ನೆಯನ್ನು ಬಿಡಿಸಿ ತುಟಿ ನೋಡಿ ಮಾತು ಕಲಿಸುವ ಪದ್ಧತಿ ಬಹಳ ಕಾಲ ನಡೆಯಿತು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ ಡೆಫ್ ಮಕ್ಕಳ ಶಾಲೆಯಲ್ಲಿ ಸನ್ನೆ ಬೇಡ ಅಂತ ತೀರ್ಮಾನಿಸಿತು. ಅದರ ನೆರಳು ನಮ್ಮಲ್ಲಿಗೂ ಬಂತು. ಕ್ಲಾಸಿನಲ್ಲಿ ಕೈ ಕಟ್ಟಿ ಕೂತು, ಹಾಸ್ಟೆಲಿನಲ್ಲಿ ರಾತ್ರಿ ಲೈಟಿನ ಕೆಳಗೆ ಸನ್ನೆಯಲ್ಲಿ ಪಾಠ ಹೇಳಿಕೊಂಡ ಕತೆಯನ್ನು ನಮ್ಮ ಮೇಷ್ಟ್ರ ವಯಸ್ಸಿನವರು ಈಗಲೂ ಹೇಳುತ್ತಾರೆ. ಈ ಭಾಷೆ ಉಳಿದದ್ದು, ಬೆಳೆದದ್ದು ಹಾಸ್ಟೆಲುಗಳಲ್ಲಿ.

ಕಾನೂನು ಈಗ ನಮ್ಮ ಪರವಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಂವಹನ ಅನ್ನುವುದರಲ್ಲಿ ಸನ್ನೆ ಭಾಷೆಯನ್ನೂ ಸೇರಿಸಿದೆ. ನ್ಯಾಯಾಲಯಕ್ಕೆ ಎಲ್ಲರಿಗೂ ಸಮಾನ ದಾರಿ ಇರಬೇಕು ಅಂತ ಅದರ 12ನೇ ಸೆಕ್ಷನ್ ಹೇಳುತ್ತದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪೋಕ್ಸೊ ಕಾಯ್ದೆಯಲ್ಲೂ ಮಗುವಿನ ಹೇಳಿಕೆ ಪಡೆಯಲು ಇಂಟರ್‌ಪ್ರಿಟರ್ ನೆರವು ಪಡೆಯುವ ಅವಕಾಶ ಇದೆ. ಆದರೆ ಕಾಗದದಲ್ಲಿ ಬರೆದ ಇಂಟರ್‌ಪ್ರಿಟರ್ ಬಂದು ಕುರ್ಚಿಯಲ್ಲಿ ಕೂರಬೇಕಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 50 ಲಕ್ಷಕ್ಕೂ ಹೆಚ್ಚು ಜನರಿಗೆ ಶ್ರವಣದೋಷ ಇದೆ. ಇಂಟರ್‌ಪ್ರಿಟರ್‌ಗಳು ಅದಕ್ಕೆ ಎಲ್ಲಿಯೂ ಸಾಲುವುದಿಲ್ಲ. ಅದರಲ್ಲೂ ಜಿಲ್ಲೆ, ತಾಲ್ಲೂಕುಗಳಿಗೆ ಹೋಗಿ ಕನ್ನಡದಲ್ಲಿ ಮಾಡುವವರು ಇನ್ನೂ ಕಮ್ಮಿ. ಠಾಣೆಯಿಂದ ಹತ್ತಿರದ ಡೆಫ್ ಶಾಲೆಯ ಟೀಚರಿಗೆ ಫೋನ್ ಹೋಗುತ್ತದೆ. ಪಾಪ, ಅವರು ಪಾಠ ಬಿಟ್ಟು ಬಂದು ಕೈಲಾದ್ದು ಮಾಡುತ್ತಾರೆ. ಅವರ ತಪ್ಪಲ್ಲ. ಆದರೆ ಟೀಚರ್ ಕೆಲಸ ಬೇರೆ, ಹೇಳಿಕೆಯನ್ನು ಒಂದು ಪದ ಕೂಡಿಸದೆ ಕಳೆಯದೆ ದಾಟಿಸುವ ಕೆಲಸ ಬೇರೆ.

ಡಿಪ್ಲೊಮಾ ಮುಗಿಸಿ ನಾನು ದೆಹಲಿಯಲ್ಲಿ ಉಳಿಯುವುದಿಲ್ಲ. ತುಮಕೂರು, ಹಾಸನ ಕಡೆಗೇ ಬರುತ್ತೇನೆ. ಸಂಪಾದನೆ ಬೆಂಗಳೂರಿನಷ್ಟು ಇರುವುದಿಲ್ಲ, ಗೊತ್ತಿದೆ. ಕಂಪನಿಗಳ ಆನ್‌ಲೈನ್ ಮೀಟಿಂಗ್‌ಗಳನ್ನು ಮಾಡಿಕೊಂಡು ಅದನ್ನು ತೂಗಿಸಬಹುದು ಅನ್ನುವ ಲೆಕ್ಕ ಇಟ್ಟುಕೊಂಡಿದ್ದೇನೆ. ಈಗ ಕನ್ನಡದ ತಾಲೀಮಿಗೆ ತಾಲ್ಲೂಕು ಕೋರ್ಟಿನ ಮಾತುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೇನೆ. ಪಾಟೀ ಸವಾಲು, ಮಹಜರು, ಜಾಮೀನು, ಪ್ರಮಾಣಪತ್ರ. ಒಂದೊಂದಕ್ಕೂ ಡೆಫ್ ಜನರ ಜೊತೆ ಕೂತು, ಅವರಿಗೆ ಅರ್ಥವಾಗುವ ಸನ್ನೆ ಯಾವುದು ಅಂತ ಅವರಿಂದಲೇ ಕೇಳಿ ಬರೆಯಬೇಕು. ಇದನ್ನು ನಾನೊಬ್ಬಳೇ ಮಾಡಿ ಮುಗಿಸಲು ಆಗುವುದಿಲ್ಲ. ಕನ್ನಡದ ಇನ್ನೂ ಹತ್ತಾರು ಜನ ಬೇಕು.

ನಿಮಗೆ ಈ ಕಡೆ ಮನಸ್ಸಿದ್ದರೆ ಮೊದಲೇ ಕೋರ್ಸಿಗೆ ಅರ್ಜಿ ಹಾಕಬೇಡಿ. ನಿಮ್ಮ ಊರಿನ ಡೆಫ್ ಸಂಘ ಎಲ್ಲಿದೆ ಕೇಳಿ. ಹೆಚ್ಚಿನ ಜಿಲ್ಲಾ ಕೇಂದ್ರಗಳಲ್ಲಿ ಭಾನುವಾರ ಎಲ್ಲಾದರೂ ಒಂದು ಕಡೆ ಅವರು ಸೇರಿರುತ್ತಾರೆ. ಹೋಗಿ ಕೂತು ನೋಡಿ. ಬೆನ್ನ ಹಿಂದಿನಿಂದ ಮುಟ್ಟಬೇಡಿ, ಎದುರಿಗೆ ಬಂದು ಕೈ ಬೀಸಿ ಅಥವಾ ಭುಜ ತಟ್ಟಿ. ಇಬ್ಬರು ಸನ್ನೆಯಲ್ಲಿ ಮಾತಾಡುತ್ತಿದ್ದರೆ ನಡುವೆ ದಾಟಿ ಹೋಗಬಹುದು, ನಿಂತುಕೊಳ್ಳಬೇಡಿ. ದಪ್ಪಗಾಗಿದ್ದೀಯಲ್ಲ, ಮದುವೆ ಯಾಕೆ ಆಗಿಲ್ಲ ಅಂತ ನೇರವಾಗಿ ಕೇಳುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಅವರಿಗೆ ನೀವು ಒಗ್ಗಿದರೆ, ಈ ಹುಡುಗಿ ಕಲಿಯಲಿ ಅಂತ ಅವರಿಗೇ ಅನ್ನಿಸಿದರೆ, ಆಮೇಲೆ ಅರ್ಜಿ ಹಾಕಿ. ಕೋರ್ಸಿನ ಪ್ರವೇಶ, ಫೀಸು, ಹಾಸ್ಟೆಲ್ ವಿಷಯ ನನಗೆ ಬರೆದು ಕೇಳಿದರೆ ಗೊತ್ತಿರುವಷ್ಟು ಹೇಳುತ್ತೇನೆ. ಪರೀಕ್ಷೆ ಇರುವುದರಿಂದ ಉತ್ತರ ಸ್ವಲ್ಪ ತಡವಾಗಬಹುದು.